ಕಡ್ಡಿಗೆ ಹೇಳಬೇಡಿ

ಎದೆನೋವು ಬಂದವರನ್ನು ಯಾರಾದರೂ ಆಸ್ಪತ್ರೆಗೆ ಕರೆತರುತ್ತಾರೆ. ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ತಾವೇ ಬಂದಿದ್ದರು, ಅದೂ ಕಾರು ಓಡಿಸಿಕೊಂಡು. ಬಿಳಿ ಗೆರೆ ದಾಟದಂತೆ ನೇರವಾಗಿ ಪಾರ್ಕ್ ಮಾಡಿ, ಕೀಯನ್ನು ಸೆಕ್ಯುರಿಟಿಯವನ ಕೈಗಿಟ್ಟು, "ಹ್ಯಾಂಡ್‌ಬ್ರೇಕ್ ಹಾಕಿದೀನಿ, ತೆಗೆಯೋವಾಗ ನೆನಪಿರಲಿ" ಎಂದು ಹೇಳಿ, ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತರಂತೆ.

ಸ್ಟ್ರೆಚರ್ ಕ್ಯಾಥ್‌ಲ್ಯಾಬಿನ ಒಳಗೆ ಬರುವಷ್ಟರಲ್ಲಿ ಸಿಸ್ಟರ್ ಎಕ್ಸ್‌ರೇ ತಡೆಯುವ ಸೀಸದ ಏಪ್ರನ್ ತೊಟ್ಟು ನಿಂತಿದ್ದಳು. ಹೃದಯದ ರಕ್ತನಾಳ ಕಟ್ಟಿಕೊಂಡವರಿಗೆ ಪುಟ್ಟ ಬಲೂನು ಉಬ್ಬಿಸಿ ದಾರಿ ಬಿಡಿಸಿ, ಅದು ಮತ್ತೆ ಮುಚ್ಚದ ಹಾಗೆ ಜಾಳಿಗೆಯಂಥ ಸ್ಟೆಂಟ್ ಕೂರಿಸುವ ಕೋಣೆ ಅದು. ಯಂತ್ರಗಳಿಗಾಗಿ ಸದಾ ತಣ್ಣಗಿರುತ್ತದೆ. ಮಲಗಿದವರು ನಡುಗುವುದು ಚಳಿಗೋ ಹೆದರಿಕೆಗೋ ಹೇಳುವುದು ಕಷ್ಟ. ಡಾಕ್ಟರು ಬಲ ಮಣಿಕಟ್ಟಿನಿಂದ ಒಳಹೊಕ್ಕು ಕೆಲಸ ಮಾಡುತ್ತಾರೆ. ಎಡಗೈ ಸಿಸ್ಟರ್ ಪಾಲಿಗೆ. ಅದನ್ನು ಹಿಡಿದುಕೊಂಡು, ತಲೆಯ ಬಳಿ ನಿಂತು, ಮಾತಾಡಿಸುತ್ತಿರುವುದು ಅವಳ ಕೆಲಸದಲ್ಲಿ ಸೇರಿತ್ತೋ ಇಲ್ಲವೋ, ಸೇರಿದ ದಿನದಿಂದ ಅವಳು ಮಾಡಿಕೊಂಡು ಬಂದದ್ದಂತೂ ನಿಜ.

"ಜೊತೆಗೆ ಯಾರಿದಾರೆ?"

"ಗಾಡಿ ಇದೆ."

"ಗಾಡಿ ಸೈನ್ ಹಾಕಲ್ಲವಲ್ಲ."

"ನಾನೇ ಹಾಕ್ತೀನಿ ಕೊಡಿ. ಊರಿಗೆಲ್ಲಾ ಲೈಸೆನ್ಸ್ ಕೊಡಿಸಿದ ಕೈ ಇದು."

ಬೆವರಿನಲ್ಲಿ ಒದ್ದೆಯಾದ ಮುಖ, ಬೂದಿ ಬಣ್ಣ. ಆದರೂ ತುಟಿಯ ತುದಿಯಲ್ಲಿ ಒಂದು ನಗು ಅಂಟಿಕೊಂಡೇ ಇತ್ತು. ಅವಳಿಗೆ ಅದು ಇಷ್ಟವಾಯಿತು. ಇಷ್ಟವಾದದ್ದು ಮಾಸ್ಕಿನ ಹಿಂದೆ ಉಳಿಯಿತು. ಮೇಷ್ಟ್ರಿಗೆ ಕಂಡದ್ದು ಎರಡು ಕಣ್ಣು ಮಾತ್ರ.

ನೋವಿಗೂ ಗಾಬರಿಗೂ ಡಾಕ್ಟರು ಮಂಪರಿನ ಇಂಜೆಕ್ಷನ್ ಹೇಳಿದರು. ಅದು ಪೂರ್ತಿ ನಿದ್ದೆ ತರಿಸುವುದಿಲ್ಲ. ಮಾತು ಬರುತ್ತಿರುತ್ತದೆ, ಆಮೇಲೆ ಆಡಿದ ಮಾತು ನೆನಪಿರುವುದಿಲ್ಲ. ಟಿ.ವಿ. ಪರದೆಯ ಮೇಲೆ ಕಪ್ಪು ಕೊಂಬೆಯಂತೆ ರಕ್ತನಾಳ ಮೂಡಿ, ನಡುವೆ ಕತ್ತರಿಸಿದ ಹಾಗೆ ನಿಂತುಹೋಯಿತು. "ಇಲ್ಲೇ" ಎಂದರು ಡಾಕ್ಟರು. ಆಗಲೇ ಅವಳ ಕೈಯೊಳಗಿನ ಕೈ ಬಿಗಿಯಾದದ್ದು.

"ಕಡ್ಡಿ" ಎಂದರು ಮೇಷ್ಟ್ರು.

ಅವಳು ಸುತ್ತ ನೋಡಿದಳು. ಏಪ್ರನ್ನಿನ ಪಟ್ಟಿಯನ್ನು ಕಟ್ಟಕಡೆಯ ತೂತಿಗೆ ಸಿಕ್ಕಿಸಿಕೊಳ್ಳುವ ಅವಳನ್ನು ಹುಟ್ಟಿದ ಮೇಲೆ ಯಾರೂ ಕಡ್ಡಿ ಎಂದು ಕರೆದಿರಲಿಲ್ಲ. ಈ ಸ್ಥಿತಿಯಲ್ಲೂ ತಮಾಷೆಯೇ ಎಂದುಕೊಂಡಳು.

"ಚಿಲಕ ಹಾಕಿಲ್ಲ ಕಣೇ. ತಳ್ಳಿದ್ರೆ ಸಾಕು, ತೆರ್ಕೊಳ್ಳತ್ತೆ. ಬಾ."

ತಮಾಷೆಯಲ್ಲ. ಮುಚ್ಚಿದ ಕಣ್ಣಿನ ಅಂಚಿನಿಂದ ನೀರು ಕಿವಿಯವರೆಗೆ ಇಳಿಯುತ್ತಿತ್ತು. ಯಾರಾದರೂ ಉತ್ತರ ಕೊಡಬೇಕಿತ್ತು, ಅವರ ತಲೆಯ ಬಳಿ ಇದ್ದದ್ದು ಅವಳೊಬ್ಬಳೇ.

"ಬಂದೆ" ಎಂದಳು.

ಬಿಗಿದ ಕೈ ಸಡಿಲವಾಯಿತು. ಪರದೆಯ ಮೇಲೆ ಒಣಗಿದ ಕೊಂಬೆ ತುದಿಯವರೆಗೆ ಮತ್ತೆ ತುಂಬಿಕೊಂಡಿತು.

*

ಮಾರನೆಯ ದಿನ ವಾರ್ಡಿಗೆ ಹೋದಾಗ ಮೇಷ್ಟ್ರು ಊಟದ ತಟ್ಟೆಯನ್ನು ಸ್ಟೀರಿಂಗ್ ಮಾಡಿಕೊಂಡು ಪಕ್ಕದ ಹಾಸಿಗೆಯ ತಾತನಿಗೆ ತಿರುವು ತೆಗೆದುಕೊಳ್ಳುವುದನ್ನು ಹೇಳಿಕೊಡುತ್ತಿದ್ದರು. ತಾತ ಶ್ರದ್ಧೆಯಿಂದ ಕೇಳುತ್ತಿದ್ದರು.

"ಹೇಗಿದೀರಿ ಮೇಷ್ಟ್ರೇ?"

ತಟ್ಟೆ ಅರ್ಧ ತಿರುವಿನಲ್ಲೇ ನಿಂತಿತು. "ಈ ಧ್ವನಿ ಗೊತ್ತು ನನಗೆ. ಮುಖ ಈಗ ನೋಡ್ತಿದೀನಿ."

"ಹೇಗಿದೆ?" ಬಾಯಿ ಜಾರಿತು. ಕಿವಿ ಬಿಸಿಯಾಯಿತು.

ಮೇಷ್ಟ್ರು ಅವಸರ ಮಾಡದೆ, ಕನ್ನಡಿ ಹೊಂದಿಸುವವರ ಹಾಗೆ ತಲೆಯನ್ನು ತುಸು ಓರೆ ಮಾಡಿ ನೋಡಿದರು. "ಧ್ವನಿಗೆ ಸರಿಯಾಗಿದೆ."

ಆಮೇಲೆ ಕೇಳಿದರು, "ಅಲ್ಲಿ ನಾನು ಏನಾದ್ರೂ ಬಡಬಡಿಸಿದ್ನಾ?"

"ಇಲ್ಲ."

ಟೇಬಲ್ಲಿನ ಮೇಲೆ ಜನ ಏನೇನೋ ಹೇಳುತ್ತಾರೆ. ಅಡಗಿಸಿಟ್ಟ ಜಗಳ, ಸತ್ತುಹೋದವರ ಹೆಸರು, ಬೈಗುಳ. ಅದನ್ನೆಲ್ಲ ಹೊಟ್ಟೆಯಲ್ಲಿ ಹಾಕಿಕೊಳ್ಳುವುದು ಅವಳಿಗೆ ಅಭ್ಯಾಸ. ಇದನ್ನೂ ಹಾಗೇ ಹಾಕಿಕೊಂಡಳು. ಆದರೆ ಇದು ಜೀರ್ಣವಾಗಲಿಲ್ಲ. ಯಾರೋ ಒಬ್ಬಳಿಗಾಗಿ ಬಾಗಿಲು ತೆಗೆದಿಟ್ಟುಕೊಂಡು ಕಾಯುವ ಗಂಡಸನ್ನು ಅವಳು ಅದುವರೆಗೆ ನೋಡಿರಲಿಲ್ಲ. ಪಾರ್ಶ್ವವಾಯು ಬಡಿದ ಅಪ್ಪನ ಆರೈಕೆ, ಇಬ್ಬರು ತಂಗಿಯರ ಮದುವೆ, ಎಲ್ಲ ಮುಗಿಸಿ ಅವಳು ತಲೆ ಎತ್ತುವಷ್ಟರಲ್ಲಿ ನಲವತ್ತರ ಹೊಸ್ತಿಲು. ಮನೆಯಲ್ಲಿ ಅಮ್ಮ, ಅಮ್ಮನ ಮಂಡಿನೋವು, ಅಮ್ಮನ ಹರಿತವಾದ ನಾಲಿಗೆ. ಅಷ್ಟೇ ಸಂಸಾರ.

ಡಿಸ್ಚಾರ್ಜ್ ದಿನ ಮೇಷ್ಟ್ರು ಅವಳು ಎರಡು ಬಸ್ಸು ಬದಲಿಸಿ ಬರುತ್ತಾಳೆಂದು ಹೇಗೋ ತಿಳಿದುಕೊಂಡಿದ್ದರು. "ಜೀವ ಉಳಿಸಿದವರು ಬಸ್ಸಲ್ಲಿ ನೇತಾಡಿಕೊಂಡು ಹೋಗೋದಾ? ನನಗೆ ಮತ್ತೆ ಪಾಠ ಶುರು ಮಾಡೋಕೆ ಡಾಕ್ಟ್ರು ಹೂಂ ಅಂದ ತಕ್ಷಣ ಬನ್ನಿ. ಕಲಿಸ್ತೀನಿ."

"ಜೀವ ಉಳಿಸಿದ್ದು ಡಾಕ್ಟ್ರು. ನಾನು ಕೈ ಹಿಡ್ಕೊಂಡಿದ್ದೆ ಅಷ್ಟೇ."

"ನಾನೂ ಅದನ್ನೇ ಹೇಳ್ತಿರೋದು."

*

ಮೇಷ್ಟ್ರ ಕಾರಿನಲ್ಲಿ ಬ್ರೇಕು ಎರಡು ಕಡೆ. ಕಲಿಯುವವರ ಕಾಲ ಬಳಿ ಒಂದು, ಪಕ್ಕದಲ್ಲಿ ಕೂತ ಮೇಷ್ಟ್ರ ಕಾಲ ಬಳಿ ಇನ್ನೊಂದು. "ನೀವು ಧೈರ್ಯವಾಗಿ ತಪ್ಪು ಮಾಡಿ. ನಾನಿದೀನಿ" ಎಂದರು ಮೊದಲ ದಿನ. ಹಾಗೆ ಹೇಳಿದ ಗಂಡಸು ಅವಳ ಬಾಳಿನಲ್ಲಿ ಇವರೇ ಮೊದಲಿಗರು. ಅವಳು ಧೈರ್ಯವಾಗಿ ತಪ್ಪು ಮಾಡಿದಳು. ಒಂದು ಕಸದ ತೊಟ್ಟಿ ಉರುಳಿತು, ಒಂದು ಬೇಲಿ ಬಾಗಿತು.

"ಆ ಬೇಲಿ ನಿಮ್ಮ ದಾರಿಗೆ ಬಂತಾ, ನೀವು ಅದರ ದಾರಿಗೆ ಹೋದ್ರಾ?"

"ಇಬ್ರೂ ಸ್ವಲ್ಪ ಸ್ವಲ್ಪ."

ಮೇಷ್ಟ್ರು ನಕ್ಕರೆ ಕಣ್ಣು ಪೂರ್ತಿ ಮುಚ್ಚಿಹೋಗುತ್ತಿತ್ತು. ಅವಳು ರಸ್ತೆ ನೋಡುವುದು ಬಿಟ್ಟು ಅದನ್ನು ನೋಡುತ್ತಿದ್ದಳು. "ಎದುರಿಗೆ, ಎದುರಿಗೆ" ಎಂದು ಅವರು ಬೆರಳು ತೋರಿಸಬೇಕಾಗುತ್ತಿತ್ತು. ಗೇರು ಬದಲಿಸಲು ಅವಳು ಕೈಯಿಟ್ಟಾಗ ಅದರ ಮೇಲೆ ಅವರ ಕೈ ಬರುತ್ತಿತ್ತು. ಮೊದಮೊದಲು ಒತ್ತಿ ತೋರಿಸಿ ಹೊರಟುಹೋಗುತ್ತಿದ್ದ ಕೈ, ಬರಬರುತ್ತಾ ಹೊರಡುವುದನ್ನು ಮರೆಯತೊಡಗಿತು. ಯಾರೂ ನೆನಪಿಸಲಿಲ್ಲ.

"ಒಂದು ತೊಂದರೆ ಇದೆ" ಎಂದರು ಒಮ್ಮೆ. "ನಿಮ್ಮನ್ನ ಸಿಸ್ಟರ್ ಅಂತ ಕರೆಯೋಕೆ ಬಾಯಿ ಬರ್ತಿಲ್ಲ."

"ಯಾಕೆ? ಇಡೀ ಆಸ್ಪತ್ರೆ ಕರೆಯತ್ತೆ."

"ಆಸ್ಪತ್ರೆಗೆ ನನ್ನ ಕಷ್ಟ ಇಲ್ಲ."

ಅವಳು ವೈಪರ್ ಹಾಕಿದಳು. ಇಂಡಿಕೇಟರ್ ಹಾಕಲು ಹೋಗಿದ್ದಳು. ಒಣ ಗಾಜಿನ ಮೇಲೆ ವೈಪರು ಕಿರುಗುಟ್ಟುತ್ತಾ ಆಡಿತು. ಇಬ್ಬರೂ ಮುಂದೆ ನೋಡುತ್ತಾ ಕೂತಿದ್ದರು.

ಇನ್ನೊಂದು ದಿನ ಸಂತೆಯಂಥ ಟ್ರಾಫಿಕ್ಕಿನಲ್ಲಿ ಸೈಕಲ್ಲೊಂದು ಅಡ್ಡ ಬಂತು. "ಬ್ರೇಕ್ ಹಾಕು" ಎಂದು ಮೇಷ್ಟ್ರು ಕೂಗಿದರು. ಕಾರು ನಿಂತ ಮೇಲೆ ತಾವೇ ಗಾಬರಿಯಾಗಿ, "ತಪ್ಪಾಯ್ತು, ಹಾಕಿ ಅನ್ನಬೇಕಿತ್ತು" ಎಂದರು.

"ಹಾಗೇ ಇರಲಿ."

"ಏನು?"

"ಹಾಕು ಅಂದದ್ದು. ಹಾಗೇ ಇರಲಿ."

ಆವತ್ತು ಉಳಿದ ದಾರಿಯುದ್ದಕ್ಕೂ ಮೇಷ್ಟ್ರು ಬೇಕಿಲ್ಲದ ಕಡೆಯೂ "ಈಗ ಕ್ಲಚ್ ಬಿಡು, ನಿಧಾನ ತಿರುಗಿಸು, ಹಾರ್ನ್ ಮಾಡು" ಎನ್ನುತ್ತಲೇ ಬಂದರು. ಹೊಸ ಚಪ್ಪಲಿ ಹಾಕಿಕೊಂಡವರು ಸುಮ್ಮನೆ ಓಡಾಡುವ ಹಾಗೆ.

"ಮೇಷ್ಟ್ರು ಅಷ್ಟು ಚೆನ್ನಾಗಿ ಕಲಿಸ್ತಾರೆ ಅಂತೀಯ, ಇಷ್ಟು ದಿನ ಆದ್ರೂ ನಿನಗೆ ಬಂದಿಲ್ವಲ್ಲ" ಎಂದು ಅಮ್ಮ ಕೇಳಿದರು.

"ಕಷ್ಟ ಇದೆ ಅಮ್ಮ, ರಿವರ್ಸು."

"ಹೌದು ಬಿಡು. ಈ ವಯಸ್ಸಲ್ಲಿ ರಿವರ್ಸೇ ಕಷ್ಟ. ಮುಂದಕ್ಕೇ ಹೋಗು. ನಾನೇನೂ ಬೇಡ ಅನ್ನಲ್ಲ."

ಅವಳು ಅಮ್ಮನ ಮುಖ ನೋಡಿದಳು. ಅಮ್ಮ ಬಟ್ಟೆ ಮಡಿಸುವುದರಲ್ಲಿ ಮುಳುಗಿದ್ದರು, ಅಥವಾ ಹಾಗೆ ನಟಿಸುತ್ತಿದ್ದರು.

ಒಂದೇ ಒಂದು ರಸ್ತೆಗೆ ಮೇಷ್ಟ್ರು ಅವಳನ್ನು ಕರೆದೊಯ್ಯುತ್ತಿರಲಿಲ್ಲ. ಹೈಸ್ಕೂಲಿನ ಮುಂದೆ ಹಾಯುವ ರಸ್ತೆ. ಆ ಮೂಲೆ ಬಂದ ಕೂಡಲೇ "ಎಡಕ್ಕೆ" ಎನ್ನುತ್ತಿದ್ದರು. ಗುಂಡಿ ಜಾಸ್ತಿ ಎಂಬ ಕಾರಣ. ಬಸ್ಸಿನಲ್ಲಿ ಹೋಗುವಾಗ ಅವಳು ನೋಡಿದ್ದಳು, ಅಲ್ಲಿ ಗುಂಡಿಯೇ ಇರಲಿಲ್ಲ. ಒಮ್ಮೆ ಕೇಳಿಬಿಟ್ಟಳು.

ಮೇಷ್ಟ್ರು ಕಾರನ್ನು ಮರದ ನೆರಳಿಗೆ ನಿಲ್ಲಿಸು ಎಂದರು. "ಅಲ್ಲಿ ನನ್ನ ಹೆಂಡತಿ ಲೆಕ್ಕದ ಟೀಚರ್."

ಅವಳು ಸ್ಟೀರಿಂಗ್ ಹಿಡಿದ ಕೈ ಬಿಡಲಿಲ್ಲ.

"ಏಳು ತಿಂಗಳ ಹೊಟ್ಟೆ. ಮಗು ಉಳೀಲಿಲ್ಲ. ಅವಳು ಅಳ್ತಾ ಇರ್ತಿದ್ಲು. ನನಗೆ ಏನು ಹೇಳಬೇಕು ಅಂತ ತಿಳೀತಿರಲಿಲ್ಲ. ಬೆಳಿಗ್ಗೆ ಬೇಗ ಗಾಡಿ ತಗೊಂಡು ಹೊರಟುಬಿಡ್ತಿದ್ದೆ. ಅವಳ ಮುಂದೆ ಸುಮ್ನೆ ಕೂತಿರೋದಕ್ಕಿಂತ ಅದೇ ವಾಸಿ ಅನ್ಸೋದು. ಅಣ್ಣನ ಮನೆಗೆ ಒಂದು ವಾರ ಹೋಗಿ ಬರ್ತೀನಿ ಅಂದ್ಲು. ಹೂಂ ಅಂದೆ. ಆ ವಾರ ವರ್ಷಗಟ್ಟಲೆ ಆಯ್ತು, ಇನ್ನೂ ಮುಗಿದಿಲ್ಲ."

"ಕರೆಯಲಿಲ್ವಾ?"

"ಕರೆಯೋಕೆ ಬರಲಿಲ್ಲ ನನಗೆ. ಈಗ ಎಲ್ಲಾ ಹಳೇದಾಯ್ತು ಬಿಡು. ಅವಳು ಮರೆತಿರ್ತಾಳೆ. ನಾನೂ ಮರೆತೆ."

ಮನೆಯಲ್ಲಿ ಹೆಂಡತಿಯನ್ನು ಏನೆಂದು ಕರೆಯುತ್ತಿದ್ದಿರಿ ಎಂದು ಕೇಳಬಹುದಿತ್ತು. ಪ್ರಶ್ನೆ ನಾಲಿಗೆಯ ತುದಿಗೆ ಬಂದಿತ್ತು. ಅವಳು ಕೇಳಲಿಲ್ಲ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯಿತು. ಬಾಳಿನಲ್ಲಿ ಮೊದಲ ಸಲ ಹಾಲು ಕಂಡ ಬೆಕ್ಕು.

*

ಲೈಸೆನ್ಸ್ ಟೆಸ್ಟಿನಲ್ಲಿ ಅವಳು ಪಾಸಾದ ದಿನ ಮೇಷ್ಟ್ರು ನದಿ ದಂಡೆಯ ರಸ್ತೆಗೆ ಗಾಡಿ ತೆಗೆದುಕೋ ಎಂದರು. ಮಧ್ಯಾಹ್ನದ ಬಿಸಿಲು ನೀರಿನ ಮೇಲೆ ಚೂರು ಚೂರಾಗಿ ಹೊಳೆಯುತ್ತಿತ್ತು. ಮೇಷ್ಟ್ರು ತಮ್ಮ ಬ್ರೇಕಿನಿಂದ ಕಾಲು ಹಿಂದಕ್ಕೆಳೆದು, ಮಡಚಿ ಕೂತರು. ಅವರು ಹಾಗೆ ಕೂತದ್ದನ್ನು ಅವಳು ನೋಡಿದ್ದು ಅದೇ ಮೊದಲು.

"ಪಾಠ ಮುಗೀತು" ಎಂದರು. "ಇನ್ನು ನಿನ್ನ ನೋಡೋಕೆ ನನ್ನ ಹತ್ತಿರ ನೆಪ ಇಲ್ಲ."

"ಚೆಕಪ್ಪಿಗೆ ಬರ್ತೀರಲ್ಲ."

"ಮೂರು ತಿಂಗಳಿಗೊಂದು ಸಲ. ಸಾಲಲ್ಲ ನನಗೆ."

ಅವಳು ವೇಗ ಕಡಿಮೆ ಮಾಡಿದಳು.

"ನಾನು ಹೋಗಿ ಅವಳನ್ನ ನೋಡ್ತೀನಿ. ಕೈ ಮುಗಿದು, ಬಿಡುಗಡೆ ಕೊಡು ಅಂತ ಕೇಳ್ತೀನಿ. ಕೊಡ್ತಾಳೆ, ಕೆಟ್ಟವಳಲ್ಲ. ಆಮೇಲೆ ನೀನು ಹೂಂ ಅಂದ್ರೆ..." ಮಾತು ತಡವರಿಸಿತು. "ಎರಡು ಕೋಣೆ ಮನೆ. ನಿನ್ನ ಅಮ್ಮನಿಗೆ ಬಿಸಿಲು ಬರೋ ಕೋಣೆ ಕೊಡೋಣ. ನನ್ನ ಹೃದಯದ ಕಂಡೀಷನ್ ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಸೆಕೆಂಡ್‌ಹ್ಯಾಂಡ್ ಮಾಲು. ನೋಡಿಕೊಂಡು ತಗೋ."

ಅವಳಿಗೆ ನಗು ಬಂತು, ಕಣ್ಣೂ ತುಂಬಿತು. ಎದುರಿನ ರಸ್ತೆ ಮಸುಕಾಯಿತು. ಅಮ್ಮನಿಗೂ ಒಂದು ಕೋಣೆ ಇಟ್ಟು ಲೆಕ್ಕ ಹಾಕಿದವರು. ಹೂಂ ಎನ್ನಲು ಬಾಯಿ ತೆರೆದಳು.

ಪಕ್ಕದಲ್ಲಿ ಮೇಷ್ಟ್ರು ಎಡಭುಜ ಹಿಸುಕಿಕೊಳ್ಳುತ್ತಿದ್ದರು. ಹಣೆಯ ಮೇಲೆ ಬೆವರು.

"ಏನಾಯ್ತು?"

"ಏನಿಲ್ಲ. ಇಷ್ಟು ಮಾತಾಡಿ ಅಭ್ಯಾಸ ಇಲ್ಲ."

ಅವಳು ಕಾರು ನಿಲ್ಲಿಸಿ, ಅವರ ಅಂಗಿಯ ಜೇಬಿನಿಂದ ಮಾತ್ರೆಯ ಡಬ್ಬಿ ತೆಗೆದು, ನಾಲಿಗೆಯ ಕೆಳಗೆ ಒಂದು ಇಡಿಸಿದಳು. ಆಸ್ಪತ್ರೆಯ ಕಡೆಗೆ ಕಾರು ತಿರುಗಿಸಿದಳು. ಆ ಕಿರಿದಾದ ರಸ್ತೆಯಲ್ಲಿ, ಬರುವುದಿಲ್ಲ ಎನ್ನುತ್ತಿದ್ದ ರಿವರ್ಸಿನಲ್ಲಿ, ಒಂದೇ ಸಲಕ್ಕೆ. ಆಮೇಲೆ ಸಿಗ್ನಲ್ಲು, ಹಾರ್ನು, ಬಸ್ಸಿನ ಹಿಂಬದಿ, ಯಾವುದೂ ಅವಳಿಗೆ ನೆನಪಿಲ್ಲ. "ಚೆನ್ನಾಗಿ ಓಡಿಸ್ತಿದೀಯ" ಎಂದು ಮೇಷ್ಟ್ರು ಒಮ್ಮೆ ಹೇಳಿದ್ದು ನೆನಪಿದೆ. "ಮಾತಾಡಬೇಡಿ" ಎಂದು ಅವಳು ಗದರಿಸಿದ್ದು ನೆನಪಿದೆ.

*

ಮೊದಲು ಹಾಕಿದ ಸ್ಟೆಂಟ್ ಚೆನ್ನಾಗಿತ್ತು. ಆಗ ಅರ್ಧದಷ್ಟು ಕಟ್ಟಿದ್ದ, ಔಷಧಿಯಲ್ಲೇ ನೋಡೋಣ ಎಂದು ಬಿಟ್ಟಿದ್ದ ಇನ್ನೊಂದು ನಾಳ ಈಗ ಕೂದಲೆಳೆಯಷ್ಟಾಗಿತ್ತು. ನಾಳೆ ಬೆಳಿಗ್ಗೆಯೇ ಮಾಡಿಬಿಡೋಣ ಎಂದರು ಡಾಕ್ಟರು. ಬೆಳಗಾದಾಗ ಅವಳು ಕೇಳಿದಳು:

"ಸರ್, ಇವತ್ತು ಬೇರೆಯವರನ್ನ ಹಾಕ್ಕೋತೀರಾ?"

"ಯಾಕೆ? ಅವರು ನಿಮ್ಮನ್ನೇ ಕೇಳ್ತಿದಾರೆ."

ಅವಳು ಏಪ್ರನ್ ತೊಟ್ಟಳು. ಮಂಪರಿನ ಇಂಜೆಕ್ಷನ್ ಅವಳೇ ತುಂಬಿದಳು. ಸೂಜಿಯ ತುದಿಯಲ್ಲಿ ನಿಂತ ಹನಿಯನ್ನು ನೋಡುವಾಗ ಅವಳ ಮನಸ್ಸು ಆಸೆ ಪಟ್ಟಿತು. ಈ ಸಲ ನನ್ನನ್ನು ಕರೆಯಲಿ. ಒಂದು ಸಲ ಸಾಕು. ಆಸೆ ಪಟ್ಟದ್ದಕ್ಕೆ ನಾಚಿಕೆಯೂ ಆಯಿತು. ಆದರೂ ಎಡಗೈ ಹಿಡಿದು ಕಾದಳು.

ಮೇಷ್ಟ್ರು ಮಾಸ್ಕಿನ ಮೇಲಿನ ಅವಳ ಕಣ್ಣನ್ನು ನೋಡಿ ನಕ್ಕರು. "ಸೀಟ್ ಬೆಲ್ಟ್ ಹಾಕ್ಕೊಂಡಿದೀಯಾ?"

"ಹಾಕ್ಕೊಂಡಿದೀನಿ."

"ಸರಿ. ಹೊರಡೋಣ."

ಬಲೂನು ಉಬ್ಬಿದಾಗ ಎದೆ ಬಿಗಿಯುತ್ತದೆ, ಒಂದೆರಡು ಕ್ಷಣ. ಆ ಹೊತ್ತಿಗೆ ಮೇಷ್ಟ್ರ ಕಣ್ಣು ಆಗಲೇ ಅರ್ಧ ಮುಚ್ಚಿತ್ತು. ಅವರು ಅವಳ ಕೈಯನ್ನು ಹತ್ತಿರಕ್ಕೆ ಎಳೆದುಕೊಂಡರು. ಅವಳು ಬಗ್ಗಿದಳು. ಕಿವಿಯಲ್ಲಿ ಹೇಳುವ ಹಾಗೆ, ಗುಟ್ಟಿನ ಹಾಗೆ, ಮೇಷ್ಟ್ರು ಅಂದರು:

"ಸಿಸ್ಟರ್, ಕಡ್ಡಿಗೆ ಹೇಳಬೇಡಿ. ಹೆದರ್ತಾಳೆ. ಸ್ಕೂಲಿಂದ ಬರೋಷ್ಟರಲ್ಲಿ ಮನೇಲಿರ್ತೀನಿ ಅಂತ ಹೇಳಿ."

"ಹೇಳ್ತೀನಿ" ಎಂದಳು ಅವಳು.

ಕನಸಿನಲ್ಲಿ ಹಳೆಯ ಪ್ರೀತಿಯನ್ನು ಕೂಗಿ ಕರೆದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳೇನೋ. ಅದು ಕೂಗಾಗಿರಲಿಲ್ಲ. ದಿನಾ ಒಂದೇ ಮನೆಯಲ್ಲಿ ಇರುವವರ ಮಾತು. ಸಂಜೆ ಹೆಂಡತಿ ಬರುತ್ತಾಳೆ, ಗಾಬರಿಯಾಗಬಾರದು ಎನ್ನುವ ಗಂಡನ ಮಾತು. ಆ ಮನೆಯಲ್ಲಿ ಅವಳು ಸುದ್ದಿ ತಲುಪಿಸುವ ಸಿಸ್ಟರ್.

ಪರದೆಯ ಮೇಲೆ ಸ್ಟೆಂಟ್ ಅರಳಿ ಗೋಡೆಗೆ ಅಂಟಿಕೊಂಡಿತು. "ಬ್ಯೂಟಿಫುಲ್" ಎಂದರು ಡಾಕ್ಟರು.

*

ಕೆಲಸ ಮುಗಿಸಿ ಅವಳು ಮೇಷ್ಟ್ರ ಕಾರಿನಲ್ಲೇ ಹೋದಳು. ಮೂಲೆಯಲ್ಲಿ ಎಡಕ್ಕೆ ತಿರುಗಲಿಲ್ಲ.

ಸ್ಕೂಲು ಬಿಟ್ಟಾಗಿತ್ತು. ಖಾಲಿ ಕ್ಲಾಸಿನಲ್ಲಿ ಒಬ್ಬ ಹೆಂಗಸು ಬೋರ್ಡು ಒರೆಸುತ್ತಿದ್ದರು. ಕನ್ನಡಕ, ಉದ್ದ ಕತ್ತು, ತೋಳಿನಲ್ಲಿ ಮೂಳೆ ಬಿಟ್ಟರೆ ಇನ್ನೇನೂ ಇಲ್ಲ. ಯಾರನ್ನೂ ಕೇಳಬೇಕಾಗಲಿಲ್ಲ.

"ಯಾರ ಪೇರೆಂಟ್ ನೀವು?"

"ಯಾರ ಪೇರೆಂಟೂ ಅಲ್ಲ. ಆಸ್ಪತ್ರೆಯಿಂದ ಬಂದಿದೀನಿ. ಡ್ರೈವಿಂಗ್ ಸ್ಕೂಲ್ ಮೇಷ್ಟ್ರು..."

ಡಸ್ಟರು ನಿಂತಿತು. "ಹೋಗ್ಬಿಟ್ರಾ?"

"ಇಲ್ಲ, ಇಲ್ಲ. ಚೆನ್ನಾಗಿದಾರೆ. ಹಾರ್ಟಿಗೆ ಎರಡನೇ ಸ್ಟೆಂಟ್ ಹಾಕಿದ್ರು ಇವತ್ತು."

ಟೀಚರ್ ಮಕ್ಕಳ ಬೆಂಚಿನ ಮೇಲೆ ಕೂತರು. "ಮೊದಲನೇದು ಯಾವಾಗ ಹಾಕಿದ್ರು? ನನಗೆ ಯಾರೂ ಹೇಳಲೇ ಇಲ್ಲ" ಎಂದರು. ಮತ್ತೆ, "ಅವರು ಕಳಿಸಿದ್ರಾ ನಿಮ್ಮನ್ನ?"

"ನಾನು ಬಂದಿರೋದೇ ಅವರಿಗೆ ಗೊತ್ತಿಲ್ಲ."

"ಅದೇ ಅಂದ್ಕೊಂಡೆ. ಕರೆಯೋದು ಅವರಿಗೆ ಬರಲ್ಲ. ನಾನು ಬಾಗಿಲಲ್ಲಿ ಬ್ಯಾಗ್ ಹಿಡ್ಕೊಂಡು ನಿಂತಾಗ್ಲೂ ಹೂಂ ಅಂದ್ರು. ಹೋಗಬೇಡ ಅನ್ನೋಕೆ ಎಷ್ಟು ಉಸಿರು ಬೇಕಿತ್ತು ಹೇಳಿ."

"ಅವರು ಕರೀತಾನೇ ಇದಾರೆ" ಎಂದಳು ಅವಳು. "ನಿಮಗೆ ಕೇಳಿಸೋ ಕಡೆ ಅಲ್ಲ, ಅಷ್ಟೇ."

ಟೇಬಲ್ಲಿನ ಮೇಲೆ ಕೇಳಿದ್ದನ್ನು ಹೊರಗೆ ಆಡಬಾರದು. ಇಷ್ಟು ವರ್ಷ ಆಡಿರಲಿಲ್ಲ. ಆವತ್ತು ಆಡಿದಳು. ಒಂದಕ್ಷರ ಕೂಡಿಸದೆ, ಒಂದಕ್ಷರ ಬಿಡದೆ, ಮೊದಲ ಸಲದ್ದೂ ಈ ಸಲದ್ದೂ ಹೇಳಿದಳು. ತಾನು ಬಂದೆ ಎಂದದ್ದನ್ನು ಮಾತ್ರ ಹೇಳಲಿಲ್ಲ.

ಆ ಹೆಸರು ಕಿವಿಗೆ ಬಿದ್ದ ಕೂಡಲೇ ಟೀಚರ್ ಕನ್ನಡಕ ತೆಗೆದರು. ಸೀಮೆಸುಣ್ಣದ ಕೈಯಲ್ಲೇ ಕಣ್ಣು ಒರೆಸಿಕೊಂಡರು. ಕೆನ್ನೆಯ ಮೇಲೆ ಬಿಳಿ ಬಳಿದುಕೊಂಡಿತು. "ಅದು ಮನೆಯೊಳಗಿನ ಹೆಸರು. ಮೂರನೆಯವರಿಗೆ ಗೊತ್ತಿಲ್ಲ."

ಮೂರನೆಯವಳು ಬೋರ್ಡಿನ ಕಡೆ ನೋಡಿದಳು.

"ನೀವು ಇದನ್ನ ನನಗೆ ಹೇಳೋಕೆ ಯಾಕೆ ಬಂದ್ರಿ?"

ಅವಳು ಬ್ಯಾಗಿನ ಪಟ್ಟಿ ನೋಡುತ್ತಾ ನಿಂತಳು. ಮಕ್ಕಳ ಮುಖ ಓದಿ ಅಭ್ಯಾಸವಿದ್ದ ಟೀಚರ್ ಅವಳ ಮುಖವನ್ನು ಓದಿದರು. "ಓ" ಎಂದರು. ಅದರಲ್ಲಿ ಕೋಪವಿರಲಿಲ್ಲ.

"ನಾಳೆ ಬೆಳಿಗ್ಗೆ ಡಿಸ್ಚಾರ್ಜ್" ಎಂದಳು ಅವಳು ಅವಸರದಲ್ಲಿ. "ಕರ್ಕೊಂಡು ಹೋಗೋಕೆ ಒಬ್ಬರು ಬೇಕು. ಯಾರೂ ಬರದಿದ್ರೆ ತಾವೇ ಗಾಡಿ ಓಡಿಸ್ಕೊಂಡು ಹೊರಟುಬಿಡ್ತಾರೆ. ಅಂಥವರು."

"ಗೊತ್ತು" ಎಂದರು ಟೀಚರ್. ಬರುತ್ತೇನೆ ಎನ್ನಲಿಲ್ಲ.

*

ಬೆಳಿಗ್ಗೆ ಮೇಷ್ಟ್ರು ಗಡ್ಡ ಬೋಳಿಸಿಕೊಂಡು ಕೂತಿದ್ದರು. ಟೀಚರ್ ಬರುವರೋ ಇಲ್ಲವೋ ಅವಳಿಗೆ ತಿಳಿಯದು. ತನ್ನ ಮಾತನ್ನು ಅದಕ್ಕೆ ಮೊದಲೇ ಹೇಳಿಬಿಡಬೇಕಿತ್ತು.

"ನದಿ ಹತ್ತಿರ ಕೇಳಿದ್ದಕ್ಕೆ ನಾನು ಉತ್ತರ ಕೊಡಲಿಲ್ಲ."

"ನನ್ನ ಎದೆ ಅವಸರ ಮಾಡ್ತು. ಈಗ ಕೊಡು."

"ಆಗಲ್ಲ ಮೇಷ್ಟ್ರೇ."

ಅವರು ಅವಳ ಮುಖವನ್ನೇ ನೋಡಿದರು. "ಅಮ್ಮ ಒಪ್ಪಲಿಲ್ವಾ?"

"ಅಮ್ಮ ನಿಮ್ಮ ಕಡೆ." ನಗಲು ಹೋದಳು, ಆಗಲಿಲ್ಲ. "ಮೊದಲ ಸಲ ಕೇಳಿದ್ರಲ್ಲ, ಏನಾದ್ರೂ ಬಡಬಡಿಸಿದ್ನಾ ಅಂತ. ಇಲ್ಲ ಅಂದಿದ್ದೆ. ಬಡಬಡಿಸಿದ್ರಿ. ನಿನ್ನೇನೂ ಅಷ್ಟೇ."

"ಏನಂದೆ?"

"ಕಡ್ಡಿ ಅಂದ್ರಿ."

ಮೇಷ್ಟ್ರ ತುಟಿಯ ಮೂಲೆಯಲ್ಲಿ ಸದಾ ಇರುತ್ತಿದ್ದ ನಗು ಹೊರಟುಹೋಯಿತು. ಜಗಳಕ್ಕೆ ನಿಂತವರ ಹಾಗೆ ಹೇಳಿದರು, "ಮಂಪರಲ್ಲಿ ಬಂದ ಮಾತಿಗೆ ಎಷ್ಟು ಬೆಲೆ? ನದಿ ಹತ್ತಿರ ನಾನು ಪೂರ್ತಿ ಎಚ್ಚರವಾಗಿದ್ದೆ. ಆ ಮಾತು ಸುಳ್ಳಾ?"

"ಸುಳ್ಳಲ್ಲ. ಸುಳ್ಳಾಗಿದ್ರೆ ನನಗೆ ಎಷ್ಟೋ ಸುಲಭ ಆಗ್ತಿತ್ತು."

"ಮತ್ತೆ?"

"ನೀವು ನನ್ನ ಚೆನ್ನಾಗೇ ನೋಡ್ಕೋತೀರಿ. ನನಗೆ ಅನುಮಾನ ಇಲ್ಲ. ಆದ್ರೆ ಗಾಳಿಗೆ ಬಾಗಿಲು ಅಲ್ಲಾಡಿದಾಗೆಲ್ಲ ನೀವು ತಿರುಗಿ ನೋಡ್ತೀರಿ. ನೀವು ಹಾಗೆ ನೋಡೋದನ್ನ ನಾನು ನೋಡ್ತಾ ಕೂತಿರ್ತೀನಿ. ಒಂದು ದಿನ ಅಲ್ಲ, ಬದುಕಿರೋವರೆಗೂ. ನನ್ನ ಕೈಲಿ ಆಗಲ್ಲ."

ಮೇಷ್ಟ್ರು ಅಲ್ಲ ಎನ್ನಬಹುದಿತ್ತು. ಈ ಸುಳ್ಳು ಅವರಿಗೆ ಬರಲಿಲ್ಲ. ಕೈ ಚಾಚಿದರು. ಈ ಸಲ ಅವರೇ ಅವಳ ಕೈ ಹಿಡಿದುಕೊಂಡರು, ಎರಡೂ ಕೈಯಲ್ಲಿ. "ನೀನು ಹೂಂ ಅನ್ನೋಕೆ ಹೊರಟಿದ್ದೆ ಅಲ್ವಾ, ಆವತ್ತು?"

"ಹೊರಟಿದ್ದೆ."

"ಅಷ್ಟು ಹೇಳಿದ್ಯಲ್ಲ, ಸಾಕು."

ವಾರ್ಡಿನ ಬಾಗಿಲಲ್ಲಿ ಯಾರೋ ನಿಂತ ಹಾಗಾಯಿತು. ಮೇಷ್ಟ್ರು ತಲೆ ಎತ್ತಿದರು. ಅವರ ಮುಖದಲ್ಲಿ ಆದದ್ದನ್ನು ಅವಳು ಹತ್ತಿರದಿಂದ ನೋಡಿದಳು. ಬೇರೆ ಯಾವ ಪುರಾವೆಯೂ ಬೇಕಾಗಲಿಲ್ಲ. ಅವಳು ಮೆಲ್ಲಗೆ ಕೈ ಬಿಡಿಸಿಕೊಂಡಳು.

"ಬಾ" ಎಂದರು ಮೇಷ್ಟ್ರು ಬಾಗಿಲ ಕಡೆಗೆ. ಎಚ್ಚರದಲ್ಲಿ, ಎಲ್ಲರಿಗೂ ಕೇಳಿಸುವ ಹಾಗೆ.

ಟೀಚರ್ ಬಂದರು. ಹಾಸಿಗೆಯ ಪಕ್ಕ ನಿಂತು, ಅಳದೆ, ಬೈಯುವ ಧ್ವನಿಯಲ್ಲಿ "ಎಷ್ಟು ಇಳಿದುಹೋಗಿದೀರಿ" ಎಂದರು.

"ನೀನೇನು ತುಂಬ್ಕೊಂಡಿದೀಯಾ?" ಎಂದರು ಮೇಷ್ಟ್ರು.

*

ಹೊರಡುವಾಗ ಟೀಚರ್ ಮಾತ್ರೆಗಳ ಕವರು ಹಿಡಿದುಕೊಂಡು ಕಾರಿಡಾರಿಗೆ ಬಂದರು. "ಇದನ್ನೆಲ್ಲ ಹೇಗೆ ಕೊಡಬೇಕು, ಸ್ವಲ್ಪ ಹೇಳ್ತೀರಾ?"

ಅವಳು ಕಿಟಕಿಯ ಕಟ್ಟೆಯ ಮೇಲೆ ಪಟ್ಟಿಗಳನ್ನು ಒಂದೊಂದಾಗಿ ಇಟ್ಟು ತೋರಿಸಿದಳು. "ಇದು ರಕ್ತ ತೆಳುವಾಗಿಸೋದು. ಒಂದು ದಿನಾನೂ ತಪ್ಪಬಾರದು. ತಪ್ಪಿದ್ರೆ ಸ್ಟೆಂಟ್ ಮುಚ್ಚಿಹೋಗತ್ತೆ. ಇದು ರಾತ್ರಿ. ತಗೊಂಡೆ ಅಂತಾರೆ, ನಂಬಬೇಡಿ. ಅಂಗಿ ಜೇಬು ನೋಡಿ, ಅಲ್ಲಿರತ್ತೆ."

"ಜೇಬು" ಎಂದರು ಟೀಚರ್, ಪಾಠ ಒಪ್ಪಿಸುವವರ ಹಾಗೆ.

"ನೋವು ಬಂದ್ರೆ ಹೇಳಲ್ಲ. ಎಡಭುಜ ಹಿಸುಕ್ಕೋತಾರೆ. ಆಗ ಈ ಪುಟ್ಟ ಮಾತ್ರೆ, ನಾಲಿಗೆ ಕೆಳಗೆ. ಚಹಾಗೆ ಕದ್ದು ಸಕ್ಕರೆ ಹಾಕ್ಕೋತಾರೆ. ಮೆಟ್ಟಿಲು ಹತ್ತೋವಾಗ ಮಾತಾಡಿಸಬೇಡಿ, ಉಸಿರು ಕಟ್ಟಿದ್ರೂ ತಮಾಷೆ ಮಾಡೋಕೆ ಹೋಗ್ತಾರೆ. ಮತ್ತೆ, ಸುಮ್ನೆ ಕೂತಿದ್ರೆ ಬೇಜಾರು ಮಾಡ್ಕೊಂಡಿದಾರೆ ಅಂತಲ್ಲ. ಮಾತು ಹುಡುಕ್ತಿರ್ತಾರೆ. ಸ್ವಲ್ಪ ಕಾಯಬೇಕು. ಸಿಗತ್ತೆ ಅವರಿಗೆ."

ಇದು ಯಾವ ಡಿಸ್ಚಾರ್ಜ್ ಸಲಹೆಯಲ್ಲೂ ಇರುವುದಿಲ್ಲ. ಟೀಚರ್ ತಲೆ ತಗ್ಗಿಸಿ ಪಟ್ಟಿಗಳನ್ನು ಜೋಡಿಸಿಕೊಂಡರು. "ಇನ್ನೇನಾದ್ರೂ ಇದೆಯಾ?"

"ಇಲ್ಲ. ಅಷ್ಟೇ."

ಟೀಚರ್ ಅವಳ ಮೊಣಕೈ ಮುಟ್ಟಿದರು. ಲಿಫ್ಟಿನ ಬಳಿ ಮೇಷ್ಟ್ರು ನಿಂತಿದ್ದರು. ಅವಳ ಕಡೆ ನೋಡಿ, "ಬರ್ತೀನಿ ಸಿಸ್ಟರ್. ನೀವು ಹುಷಾರು" ಎಂದರು.

ನೀವು. ಅವಳು ತಲೆಯಾಡಿಸಿದಳು.

ಸಂಜೆ ಮನೆಗೆ ಬಂದಾಗ ಅಮ್ಮ ಸೋಫಾದ ಮೇಲೆ ಕಾಲು ನೀಡಿಕೊಂಡು ಕೂತಿದ್ದರು.

"ಮೇಷ್ಟ್ರು ಹೇಗಿದಾರೆ?"

"ಚೆನ್ನಾಗಿದಾರೆ. ಮನೆಗೆ ಹೋದ್ರು."

"ಒಬ್ರೇನಾ? ನೀನು ಬಿಟ್ಟು ಬರೋದಲ್ವೇನೇ? ಯಾರು ಕರ್ಕೊಂಡು ಹೋದ್ರು?"

ಅವಳು ಚಪ್ಪಲಿ ಬಿಟ್ಟು, ಬ್ಯಾಗನ್ನು ಮೊಳೆಗೆ ಸಿಕ್ಕಿಸಿ, ಗೋಡೆಯ ಕಡೆ ಮುಖ ಮಾಡಿಕೊಂಡೇ ಹೇಳಿದಳು.

"ಅವರ ಮನೆಯವರು."

ಯಾವ ಮಾತಿಗೂ ಉತ್ತರ ಬಾಕಿ ಇಡದ ಅಮ್ಮ ಆವತ್ತು, ನೋಯುವ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಪಕ್ಕಕ್ಕೆ ಸರಿಸಿ, ಮಗಳಿಗೆ ಜಾಗ ಮಾಡಿಕೊಟ್ಟರು.